ಮೊಣಕಾಲ ಲಿಗಮೆಂಟ್ ಹರಿದರೆ: ಕಬಡ್ಡಿ ಅಂಗಳದಿಂದ ಆಪರೇಶನ್ ತನಕ, ಮತ್ತೆ ಅಂಗಳಕ್ಕೆ

ಕಾರಟಗಿ ಹತ್ತಿರದ ಒಂದು ಊರಿನ ಜಾತ್ರೆ. ರಾತ್ರಿ ಹತ್ತು ಗಂಟೆ, ದೊಡ್ಡ ಲೈಟು ಹಾಕಿ ಕಬಡ್ಡಿ ನಡೆದಿತ್ತು. ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗ ರೈಡ್‌ಗೆ ಹೋದ. ಬೋನಸ್ ಗೆರೆ ದಾಟಿ ತಟ್ಟನೆ ತಿರುಗಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಪಾದ ಮಣ್ಣಿನಲ್ಲಿ ಊರಿತ್ತು, ಮೈ ತಿರುಗಿತು. 'ಟಪ್' ಅಂತ ಸದ್ದು. ಗೆರೆಯ ಹೊರಗೆ ಕೂತಿದ್ದ ನನಗೂ ಕೇಳಿಸಿತು.

ಹುಡುಗ ಮೊಣಕಾಲು ಹಿಡಿದುಕೊಂಡು ಬಿದ್ದ. ಹಿರಿಯರೊಬ್ಬರು ಓಡಿ ಬಂದು, "ಏನಾಗಂಗಿಲ್ಲ ತಮ್ಮಾ, ಎಣ್ಣಿ ಹಚ್ಚಿ ತಿಕ್ಕಿದ್ರ ಹೋಗತೈತಿ" ಅಂದರು. ತಿಕ್ಕಿದರು ಕೂಡ. ಮನೆ ಮುಟ್ಟುವ ಹೊತ್ತಿಗೆ ಮೊಣಕಾಲು ಸೋರೆಕಾಯಿ ಥರ ಊದಿತ್ತು.

ಹನ್ನೆರಡು ದಿನ ಬಿಟ್ಟು ಅವನೇ ನಡೆದುಕೊಂಡು ಶಾಲೆಗೆ ಬಂದ. "ಸರ, ಈಗ ಏನೂ ಇಲ್ರಿ. ಬಾವು ಇಳೀತು, ನಡಿಯಾಕ ಬರ್ತೈತಿ" ಅಂದ. ನಾನೂ ನಂಬಿದೆ. ಎರಡು ತಿಂಗಳಿಗೆ ಮತ್ತೆ ಆಟಕ್ಕಿಳಿದ. ಮೊಣಕಾಲು ಎರಡು ಸಲ ಕೈಕೊಟ್ಟಿತು. ಮೂರನೇ ಸಲ ಬಿದ್ದಾಗ ಒಳಗಿನ ಮೆತ್ತೆಯೂ ಹರಿಯಿತು. ಮೊದಲ ವಾರವೇ ಸರಿಯಾದ ಕಡೆ ತೋರಿಸಿದ್ದರೆ ಆ ಮೆತ್ತೆ ಉಳಿಯುತ್ತಿತ್ತೇನೋ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ನಾನು ಡಾಕ್ಟರಲ್ಲ, ದೈಹಿಕ ಶಿಕ್ಷಕ. ಅಲ್ಲಿಂದ ಈಚೆಗೆ ಎಷ್ಟೋ ಮಕ್ಕಳ ಜೊತೆ ಮೂಳೆ ಡಾಕ್ಟರ ಹತ್ತಿರ, ಫಿಸಿಯೊಥೆರಪಿ ಕೋಣೆಗೆ ಓಡಾಡಿದ್ದೇನೆ. ಅಲ್ಲಿ ಕೇಳಿ, ಓದಿ, ಕಣ್ಣಾರೆ ಕಂಡು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಗಾಯ ನಮ್ಮನ್ನು ಎರಡು ಸಲ ಮೋಸ ಮಾಡುತ್ತದೆ. ಪೆಟ್ಟಾಗಿ ಎರಡು ವಾರಕ್ಕೆ ಬಾವು ಇಳಿದಾಗ ಒಮ್ಮೆ. ಆಪರೇಶನ್ ಆಗಿ ಮೂರು ನಾಲ್ಕು ತಿಂಗಳಿಗೆ ನೋವು ಹೋದಾಗ ಇನ್ನೊಮ್ಮೆ. ಈ ಎರಡು ಜಾಗದಲ್ಲಿ ಹುಷಾರಾಗಿದ್ದರೆ ಅರ್ಧ ಗೆದ್ದ ಹಾಗೆ.

ಒಳಗೆ ಏನಿದೆ, ಏನು ಹರಿಯುತ್ತದೆ

ತೊಡೆ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಕಟ್ಟಿ ಹಿಡಿದಿರುವ ಗಟ್ಟಿ ಪಟ್ಟಿಗಳೇ ಲಿಗಮೆಂಟ್. ಮೊಣಕಾಲಿನಲ್ಲಿ ಮುಖ್ಯವಾದವು ನಾಲ್ಕು. ಎರಡು ಪಕ್ಕದಲ್ಲಿ: ಒಳಬದಿಗೆ ಎಂಸಿಎಲ್, ಹೊರಬದಿಗೆ ಎಲ್‌ಸಿಎಲ್. ಇನ್ನೆರಡು ನಡುವೆ ಕತ್ತರಿಯ ಹಾಗೆ ಒಂದರ ಮೇಲೊಂದು ಅಡ್ಡ ಹಾದಿವೆ. ಮುಂದಿನದು ಎಸಿಎಲ್, ಹಿಂದಿನದು ಪಿಸಿಎಲ್. ಎರಡು ಮೂಳೆಗಳ ನಡುವೆ ಮೆನಿಸ್ಕಸ್ ಅನ್ನುವ ಎರಡು ಮೆತ್ತೆಗಳಿವೆ, ನಲ್ಲಿಯ ವಾಷರ್ ಇದ್ದ ಹಾಗೆ.

ಆಟಗಾರರನ್ನು ಜಾಸ್ತಿ ಕಾಡುವುದು ಎಸಿಎಲ್. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದ ಹಾಗೆ, ತಿರುಗುವಾಗ ಮೊಣಕಾಲು ಕಳಚಿಕೊಳ್ಳದ ಹಾಗೆ ಹಿಡಿಯುವುದು ಅದರ ಕೆಲಸ. ನೇರವಾಗಿ ನಡೆಯುವಾಗ ಅದಕ್ಕೆ ಹೆಚ್ಚು ಕೆಲಸವಿಲ್ಲ. ಅದಕ್ಕೇ ಹರಿದ ಮೇಲೂ ನಡೆಯಲು ಬರುತ್ತದೆ. ಬಾಗಿಲಿನ ಒಂದು ಕೀಲು ಕಿತ್ತಿದ್ದರೂ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ಅಲ್ವಾ? ಗಾಳಿ ಬಡಿದಾಗಲೇ ಗೊತ್ತಾಗುವುದು.

ಬಹಳ ಸಲ ಇದು ಇನ್ನೊಬ್ಬರು ಡಿಕ್ಕಿ ಹೊಡೆದು ಆಗುವುದಲ್ಲ. ಓಡುತ್ತಾ ತಟ್ಟನೆ ದಿಕ್ಕು ಬದಲಿಸುವುದು, ವಾಲಿಬಾಲ್‌ನಲ್ಲಿ ಸ್ಮ್ಯಾಶ್ ಹೊಡೆದು ಒಂದೇ ಕಾಲ ಮೇಲೆ ಇಳಿಯುವುದು, ಕುಸ್ತಿಯಲ್ಲಿ ಪಾದ ಸಿಕ್ಕಿಕೊಂಡು ಮೈ ತಿರುಗುವುದು, ಬೈಕಿನಿಂದ ಬೀಳುವುದು. ಒಂದೇ ಆಟವಾಡಿದರೂ ಹುಡುಗರಿಗಿಂತ ಹುಡುಗಿಯರಿಗೆ ಇದು ಜಾಸ್ತಿ. ನಮ್ಮ ಕಡೆ ಹುಡುಗಿಯರು ಪೆಟ್ಟಾದರೆ ಮನೆಯಲ್ಲಿ ಹೇಳುವುದೇ ಇಲ್ಲ, ಆಟ ಬಿಡಿಸಿಬಿಡುತ್ತಾರೆ ಅಂತ ಭಯ. ತಂದೆ ತಾಯಿ ಇದನ್ನು ಓದುತ್ತಿದ್ದರೆ, ದಯವಿಟ್ಟು ಮೊದಲು ಮೊಣಕಾಲು ನೋಡಿರಿ. ಬೈಗುಳ ಬೇಡ.

ಹೆಜ್ಜೆ 1: ಅಂಗಳದಲ್ಲೇ ಮಾಡಬೇಕಾದ್ದು

ಆಟ ಅಲ್ಲಿಗೇ ನಿಲ್ಲಬೇಕು. "ಒಂದ್ ರೈಡ್ ಆಡಿ ನೋಡ್ತೀನಿ" ಅನ್ನುವ ಮಾತಿಗೆ ಒಪ್ಪಬೇಡಿ. ಆ ಒಂದು ರೈಡ್‌ನಲ್ಲೇ ಮೆನಿಸ್ಕಸ್ ಹೋಗಬಹುದು.

ತಿಕ್ಕಬೇಡಿ, ಎಳೆಯಬೇಡಿ, ಬಿಸಿ ಶಾಖ ಕೊಡಬೇಡಿ. ಒಳಗೆ ರಕ್ತ ಸೋರುತ್ತಿರುತ್ತದೆ. ತಿಕ್ಕಿದಷ್ಟೂ, ಬಿಸಿ ಮಾಡಿದಷ್ಟೂ ಸೋರಿಕೆ ಜಾಸ್ತಿ. ಜಾತ್ರೆಯಲ್ಲಿ ಜ್ಯೂಸ್ ಅಂಗಡಿ ಇದ್ದೇ ಇರುತ್ತದೆ. ಅಲ್ಲಿಂದ ಐಸ್ ತಂದು ಟವೆಲ್‌ನಲ್ಲಿ ಸುತ್ತಿ 15 ರಿಂದ 20 ನಿಮಿಷ ಇಡಿ. ಐಸ್ ನೇರವಾಗಿ ಚರ್ಮಕ್ಕೆ ತಾಗಬಾರದು. ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಬಹುದು. ಕ್ರೇಪ್ ಬ್ಯಾಂಡೇಜ್ ಸುತ್ತಿ, ಆದರೆ ಬಿಗಿ ಅತಿಯಾಗಬಾರದು. ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಸಡಿಲಿಸಿ. ಮಲಗಿಸಿ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಡಿ.

ಮನೆಗೆ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ. ಆಟೋ ಅಥವಾ ಕಾರಿನಲ್ಲಿ ಕಾಲು ಚಾಚಿ ಕೂರಿಸಿ.

ನಾಟಿ ಕಟ್ಟು ಕಟ್ಟಿಸುವ ವಿಷಯಕ್ಕೆ ಒಂದು ಮಾತು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಮೊದಲು ಹೋಗುವುದೇ ಅಲ್ಲಿಗೆ. ಆದರೆ ಎಸಿಎಲ್ ಮೂಳೆಯಲ್ಲ, ಹೊರಗಿನಿಂದ ಕಟ್ಟಿದರೆ ಕೂಡುವುದಿಲ್ಲ. ಅದು ಕೀಲಿನ ಒಳಗಿನ ದ್ರವದಲ್ಲಿ ಇರುತ್ತದೆ. ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದೇ ಕಷ್ಟ, ಹಾಗಾಗಿ ತಾನಾಗಿ ಗಟ್ಟಿಯಾಗಿ ಕೂಡಿಕೊಳ್ಳುವುದು ಕಡಿಮೆ. ವಾರಗಟ್ಟಲೆ ಬಿಗಿದ ಕಟ್ಟಿನಿಂದ ಮೊಣಕಾಲು ಬಿರುಸಾಗುತ್ತದೆ, ತೊಡೆ ಸಣ್ಣಗಾಗುತ್ತದೆ. ಆಮೇಲೆ ಅದನ್ನು ಬಿಡಿಸುವುದೇ ಒಂದು ದೊಡ್ಡ ಕೆಲಸ.

ಹೆಜ್ಜೆ 2: ರಾತ್ರೋರಾತ್ರಿ ಓಡಬೇಕಾದ ಲಕ್ಷಣಗಳು

ಮೊಣಕಾಲು ಪೂರ್ತಿ ಆಕಾರ ಕೆಟ್ಟಿದ್ದರೆ, ಅಥವಾ ಒಮ್ಮೆ ಕಳಚಿ ಮತ್ತೆ ಕೂತ ಹಾಗೆ ಅನಿಸಿದ್ದರೆ, ಪಾದ ತಣ್ಣಗಾಗಿ ಬಿಳುಚಿಕೊಂಡಿದ್ದರೆ, ಪಾದ ಮೇಲೆತ್ತಲು ಬಾರದಿದ್ದರೆ ಬೆಳಗಾಗುವ ತನಕ ಕಾಯಬೇಡಿ. ಮೊಣಕಾಲಿನ ಹಿಂದೆ ಕಾಲಿಗೆ ರಕ್ತ ಕೊಡುವ ದೊಡ್ಡ ನಾಳವಿದೆ. ಒಂದಕ್ಕಿಂತ ಹೆಚ್ಚು ಲಿಗಮೆಂಟ್ ಹರಿದಾಗ ಅದಕ್ಕೂ ಪೆಟ್ಟಾಗಬಹುದು. ಆರೆಂಟು ಗಂಟೆಯೊಳಗೆ ಸರಿಮಾಡದಿದ್ದರೆ ಕಾಲೇ ಹೋಗುವ ಅಪಾಯ. 108ಕ್ಕೆ ಫೋನ್ ಮಾಡಿ, ದೊಡ್ಡಾಸ್ಪತ್ರೆಗೆ ಹೋಗಿ.

ಕಾಲಿನ ಮೇಲೆ ಭಾರ ಹಾಕಲು ಆಗದಿದ್ದರೆ ಮೂಳೆ ಮುರಿದಿರಬಹುದು, ಅವತ್ತೇ ಎಕ್ಸ್‌ರೇ ಆಗಬೇಕು. ಕಾಲು ಮಡಚಿದಲ್ಲೇ ಸಿಕ್ಕಿಬಿದ್ದು ನೇರ ಆಗದಿದ್ದರೆ ಹರಿದ ಮೆನಿಸ್ಕಸ್ ನಡುವೆ ಸಿಕ್ಕಿಕೊಂಡಿರಬಹುದು. ಅದಕ್ಕೂ ತಡ ಒಳ್ಳೆಯದಲ್ಲ.

ಹೆಜ್ಜೆ 3: ಮೊದಲ ವಾರದಲ್ಲೇ ಮೂಳೆ ಡಾಕ್ಟರಿಗೆ ತೋರಿಸಿ

'ಟಪ್' ಸದ್ದು, ಕೆಲವೇ ಗಂಟೆಯಲ್ಲಿ ದೊಡ್ಡ ಬಾವು, ಆಮೇಲೆ ತಿರುಗುವಾಗ ಮೊಣಕಾಲು ಕೈಕೊಟ್ಟ ಅನುಭವ. ಈ ಮೂರು ಸೇರಿದರೆ ಎಸಿಎಲ್ ಹರಿದಿದೆ ಅಂತಲೇ ಅನುಮಾನ ಪಡಬೇಕು. ಬಾವು ಇಳಿಯಿತು ಅಂತ ಬಿಡಬೇಡಿ. ಮೊದಲ ಮೋಸ ಇದೇ.

ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಜನ ಇವತ್ತಿಗೂ ವಿಮ್ಸ್ ಅಂತಲೇ ಕರೆಯುತ್ತಾರೆ), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರು ಕಡೆಯೂ ಮೂಳೆ ವಿಭಾಗ ಇದೆ. ಮೊದಲ ತಪಾಸಣೆಗೆ ಬೆಂಗಳೂರಿನ ಬಸ್ ಹತ್ತಬೇಕಾಗಿಲ್ಲ.

"ಎಕ್ಸ್‌ರೇ ನಾರ್ಮಲ್ ಐತಿ" ಅಂದ ತಕ್ಷಣ ಖುಷಿಪಟ್ಟು ಮನೆಗೆ ಬರುವವರೇ ಜಾಸ್ತಿ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ, ಲಿಗಮೆಂಟ್ ಅಲ್ಲ. ಲಿಗಮೆಂಟ್ ಕಾಣುವುದು ಎಂಆರ್‌ಐನಲ್ಲಿ. ಆದರೆ ಅದಕ್ಕೂ ಮೊದಲು ಡಾಕ್ಟರ ಕೈ ಬೇಕು. ಲ್ಯಾಕ್‌ಮನ್ ಅನ್ನುವ ಒಂದು ಪರೀಕ್ಷೆ ಇದೆ. ಮಲಗಿಸಿ, ಮೊಣಕಾಲನ್ನು ಸ್ವಲ್ಪ ಮಾತ್ರ ಮಡಚಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆಯುತ್ತಾರೆ. ನಮ್ಮ ಹುಡುಗನಿಗೆ ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಳ್ಳೆ ಕಾಲಿನಲ್ಲಿ ಎಳೆದಾಗ ಹಗ್ಗ ಬಿಗಿದ ಹಾಗೆ ಗಕ್ಕನೆ ನಿಂತಿತು. ಪೆಟ್ಟಾದ ಕಾಲಿನಲ್ಲಿ ತಡೆಯೇ ಇಲ್ಲದೆ ಮೆತ್ತಗೆ ಮುಂದೆ ಬಂತು. ಹುಡುಗ ನನ್ನ ಮುಖ ನೋಡಿದ. ಏನಾಗಿದೆ ಅಂತ ಅವನಿಗೂ ಗೊತ್ತಾಯಿತು. ಬಾವು, ನೋವು ಜಾಸ್ತಿ ಇದ್ದಾಗ ಈ ಪರೀಕ್ಷೆ ಸರಿಯಾಗಿ ಆಗುವುದಿಲ್ಲ. ಹಾಗಾದರೆ ವಾರ, ಹತ್ತು ದಿನ ಬಿಟ್ಟು ಮತ್ತೆ ಕರೆಯುತ್ತಾರೆ, ತಪ್ಪದೆ ಹೋಗಿ.

ಹೆಜ್ಜೆ 4: ಆಪರೇಶನ್ ಬೇಕೇ ಬೇಕಾ?

ಎಲ್ಲರಿಗೂ ಬೇಡ. ಒಳಬದಿಯ ಎಂಸಿಎಲ್ ಒಂದೇ ಹರಿದಿದ್ದರೆ ಬ್ರೇಸ್ ಹಾಕಿ ವ್ಯಾಯಾಮ ಮಾಡಿದರೆ ಬಹುತೇಕ ವಾಸಿಯಾಗುತ್ತದೆ. ಪಿಸಿಎಲ್ ಒಂದೇ ಆದರೂ ಬಹಳ ಸಲ ವ್ಯಾಯಾಮವೇ ಮೊದಲ ದಾರಿ.

ಎಸಿಎಲ್ ವಿಷಯದಲ್ಲಿ ಯೋಚನೆ ಬೇಕು. ಸ್ವೀಡನ್‌ನಲ್ಲಿ ಕಾನನ್ ಅನ್ನುವ ಅಧ್ಯಯನ ನಡೆಯಿತು, ಮೊದಲ ವರದಿ 2010ರಲ್ಲಿ ಬಂತು. ಚುರುಕಾಗಿ ಆಟವಾಡುವ 121 ಯುವಕ ಯುವತಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಶನ್. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಮೊಣಕಾಲು ಕೈಕೊಡುತ್ತಿದ್ದರೆ ಮಾತ್ರ ಆಮೇಲೆ ಆಪರೇಶನ್. ಐದು ವರ್ಷದ ಹೊತ್ತಿಗೆ ಎರಡನೇ ಗುಂಪಿನಲ್ಲಿ ಸುಮಾರು ಅರ್ಧ ಜನ ಆಪರೇಶನ್ ಮಾಡಿಸಿಕೊಂಡಿದ್ದರು, ಇನ್ನರ್ಧ ಇಲ್ಲದೆಯೇ ನಡೆಸಿದ್ದರು. ಎರಡು ಗುಂಪಿನವರೂ ತಮ್ಮ ಮೊಣಕಾಲಿಗೆ ಕೊಟ್ಟ ಅಂಕದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಅಂದರೆ ಸುಮ್ನೆ ಹೆದರಿ ಆ ವಾರವೇ ಆಪರೇಶನ್‌ಗೆ ಸಹಿ ಹಾಕಬೇಕಾಗಿಲ್ಲ. ಹಾಗಂತ ಏನೂ ಮಾಡದೆ ಕೂರುವುದೂ ಅಲ್ಲ. ಆ ಇನ್ನರ್ಧ ಜನ ಬಿಟ್ಟೂಬಿಡದೆ ವ್ಯಾಯಾಮ ಮಾಡಿದವರು.

ನನ್ನ ಅನುಭವದಲ್ಲಿ ಹೀಗೆ ಹೇಳಬಲ್ಲೆ. ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್, ಕುಸ್ತಿಗೆ ಮರಳಲೇಬೇಕು ಅನ್ನುವವರು, ಪೊಲೀಸ್ ಅಥವಾ ಸೇನೆಯ ದೈಹಿಕ ಪರೀಕ್ಷೆಗೆ ತಯಾರಿ ಮಾಡುವವರು, ಮೆಟ್ಟಿಲಿಳಿಯುವಾಗ, ಗದ್ದೆಯ ಬದುವಿನ ಮೇಲೆ ನಡೆಯುವಾಗಲೂ ಕಾಲು ಕೈಕೊಡುವವರು, ಸರಿಮಾಡಬಹುದಾದ ಹಾಗೆ ಮೆನಿಸ್ಕಸ್ಸೂ ಜೊತೆಗೆ ಹರಿದಿರುವವರು ಆಪರೇಶನ್ ಬಗ್ಗೆ ಡಾಕ್ಟರ ಹತ್ತಿರ ಗಟ್ಟಿಯಾಗಿ ಮಾತಾಡಬೇಕು. ಅಂಗಡಿ, ಆಫೀಸು ಕೆಲಸ, ಬೆಳಗಿನ ನಡಿಗೆ, ಸೈಕಲ್ ಸಾಕು ಅನ್ನುವವರು ಮೂರು ತಿಂಗಳು ಫಿಸಿಯೊಥೆರಪಿ ಮಾಡಿ ನೋಡಬಹುದು. ಕಾಲು ಪದೇ ಪದೇ ಕೈಕೊಡುತ್ತಿದ್ದರೆ ಮಾತ್ರ ಕಾಯಬೇಡಿ. ಪ್ರತಿ ಸಲ ಜಾರಿದಾಗಲೂ ಮೆನಿಸ್ಕಸ್ಸಿಗೆ ಪೆಟ್ಟು.

ಹೈಸ್ಕೂಲ್ ಮಕ್ಕಳದ್ದು ಬೇರೆ ಲೆಕ್ಕ. ಮೂಳೆ ಇನ್ನೂ ಬೆಳೆಯುತ್ತಿದ್ದರೆ ಮೊಣಕಾಲ ಹತ್ತಿರದ ಬೆಳವಣಿಗೆಯ ಜಾಗಕ್ಕೆ ಧಕ್ಕೆಯಾಗದ ಹಾಗೆ ಆಪರೇಶನ್ ಮಾಡಬೇಕು. ಅಂಥ ಆಪರೇಶನ್ ಮಾಡಿ ರೂಢಿಯಿರುವ ಡಾಕ್ಟರನ್ನೇ ಹುಡುಕಿ.

ಹೆಜ್ಜೆ 5: ಆಪರೇಶನ್‌ಗೂ ಮೊದಲಿನ ವಾರಗಳು

ಊದಿದ, ಬಿರುಸಾದ ಮೊಣಕಾಲಿಗೆ ಎಸಿಎಲ್ ಆಪರೇಶನ್ ಮಾಡಿದರೆ ಆಮೇಲೆ ಅದು ಇನ್ನೂ ಬಿರುಸಾಗುವ ಸಾಧ್ಯತೆ ಜಾಸ್ತಿ. ಅದಕ್ಕೇ ಸಾಮಾನ್ಯವಾಗಿ ಕೆಲವು ವಾರ ಕಾಯಿಸುತ್ತಾರೆ. ಬಾವು ಇಳಿದಿರಬೇಕು, ಕಾಲು ಪೂರ್ತಿ ನೇರ ಆಗಬೇಕು, ಚೆನ್ನಾಗಿ ಮಡಚಬೇಕು, ಕುಂಟದೆ ನಡೆಯಬೇಕು, ತೊಡೆಯ ಮುಂದಿನ ಸ್ನಾಯು ಬಿಗಿಮಾಡಲು ಬರಬೇಕು. ಕಾಲು ಸಿಕ್ಕಿಬಿದ್ದಿರುವುದು, ಹಲವು ಲಿಗಮೆಂಟ್ ಹರಿದಿರುವುದು ಇದಕ್ಕೆ ಹೊರತು, ಅಲ್ಲಿ ಬೇಗ ಮಾಡುತ್ತಾರೆ.

ಈ ವಾರಗಳಲ್ಲಿ ಮನೆಯಲ್ಲೇ ಒಂದು ವ್ಯಾಯಾಮ ಶುರುಮಾಡಿ. ಚಾಪೆ ಮೇಲೆ ಕಾಲು ಚಾಚಿ ಕೂರಿ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಮೊಣಕಾಲನ್ನು ನೆಲಕ್ಕೆ ಒತ್ತುವ ಹಾಗೆ ತೊಡೆ ಬಿಗಿಮಾಡಿ. ಚಿಪ್ಪು ಮೇಲಕ್ಕೆ ಜರುಗುವುದು ಕಣ್ಣಿಗೆ ಕಾಣಬೇಕು. ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ನೋಡಲು ಏನೂ ಅಲ್ಲ ಅನಿಸುತ್ತದೆ. ಆಪರೇಶನ್ ಆದ ಮರುದಿನ ಇದೇ ವ್ಯಾಯಾಮ ಬೆಟ್ಟ ಎತ್ತಿದ ಹಾಗೆ ಅನಿಸುತ್ತದೆ. ಮೊದಲೇ ಕಲಿತವರಿಗೆ ಆಗ ಸುಲಭ.

ಗುಟ್ಕಾ, ಬೀಡಿ, ಸಿಗರೇಟು ಈಗಲೇ ಬಿಡಿ. ತಂಬಾಕು ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ. ಶುಗರ್, ಬಿಪಿ, ತೆಗೆದುಕೊಳ್ಳುವ ಮಾತ್ರೆ ಎಲ್ಲಾ ಡಾಕ್ಟರಿಗೆ ಹೇಳಿ. ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡ್‌ನಿಂದ ತೆಗೆಯಬೇಡಿ, ಸಣ್ಣ ಗೀರಿನಿಂದಲೂ ಸೋಂಕು ಹತ್ತುತ್ತದೆ.

ಹೆಜ್ಜೆ 6: ಆಪರೇಶನ್ ಕೋಣೆಯಲ್ಲಿ ಏನು ಮಾಡುತ್ತಾರೆ, ನೀವು ಏನು ಕೇಳಬೇಕು

"ಹರಿದದ್ದನ್ನ ಹೊಲಿಗಿ ಹಾಕ್ತಾರ" ಅಂತ ಬಹಳ ಜನ ತಿಳಿದಿದ್ದಾರೆ. ಎಸಿಎಲ್‌ನಲ್ಲಿ ಸಾಮಾನ್ಯವಾಗಿ ಹಾಗಲ್ಲ. ನಿಮ್ಮದೇ ಮೈಯಿಂದ ಒಂದು ಸ್ನಾಯುವಿನ ನಾರು ತೆಗೆದು, ಹಳೆಯ ಎಸಿಎಲ್ ಇದ್ದ ಜಾಗದಲ್ಲಿ ಹೊಸದನ್ನು ಕೂರಿಸುತ್ತಾರೆ. ಇದಕ್ಕೆ ಗ್ರಾಫ್ಟ್ ಅನ್ನುತ್ತಾರೆ.

ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಮೊಣಕಾಲಿಗೆ ಎರಡು ಮೂರು ಸಣ್ಣ ತೂತು. ಒಂದರಿಂದ ಪೆನ್ನಿನಷ್ಟು ಸಣ್ಣ ಕ್ಯಾಮೆರಾ ಒಳಗೆ ಹೋಗುತ್ತದೆ, ಟಿವಿ ಪರದೆಯಲ್ಲಿ ಎಲ್ಲಾ ಕಾಣುತ್ತದೆ. ಜನ ಇದನ್ನು ಕ್ಯಾಮೆರಾ ಆಪರೇಶನ್ ಅನ್ನುತ್ತಾರೆ, ಡಾಕ್ಟರು ಆರ್ತ್ರೋಸ್ಕೋಪಿ ಅನ್ನುತ್ತಾರೆ. ತೊಡೆ ಮೂಳೆಯಲ್ಲೂ ಕೆಳಗಾಲ ಮೂಳೆಯಲ್ಲೂ ಸುರಂಗ ಕೊರೆದು, ಗ್ರಾಫ್ಟನ್ನು ಅದರೊಳಗೆ ಎಳೆದು, ಸ್ಕ್ರೂ ಅಥವಾ ಸಣ್ಣ ಲೋಹದ ಗುಂಡಿಯಿಂದ ಬಿಗಿಯುತ್ತಾರೆ. ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆಯ ಕೆಲಸ.

ಗ್ರಾಫ್ಟ್ ಎಲ್ಲಿಂದ ತೆಗೆಯುತ್ತಾರೆ ಅನ್ನುವುದನ್ನು ಕೇಳಿಯೇ ತೀರಿ. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ನಾರು ಒಂದು. ಇದರಲ್ಲಿ ಮೊಣಕಾಲ ಮುಂದಿನ ನೋವು ಕಡಿಮೆ, ಆದರೆ ಕಾಲು ಹಿಂದಕ್ಕೆ ಮಡಚುವ ಬಲ ಸ್ವಲ್ಪ ತಗ್ಗುತ್ತದೆ. ಚಿಪ್ಪಿನ ಕೆಳಗಿನ ನಾರನ್ನು ಎರಡು ತುದಿಯ ಮೂಳೆ ಚೂರಿನ ಸಮೇತ ತೆಗೆಯುವುದು ಇನ್ನೊಂದು. ಮೂಳೆಗೆ ಮೂಳೆ ಬೇಗ ಕೂಡಿಕೊಳ್ಳುತ್ತದೆ, ಅದಕ್ಕೇ ಆಟಗಾರರಿಗೆ ಇದನ್ನು ಆರಿಸುವ ಡಾಕ್ಟರು ಬಹಳ. ಆದರೆ ಮಂಡಿಯೂರಿದರೆ ನೋವು ಉಳಿಯಬಹುದು. ನಮಾಜ್ ಮಾಡುವವರು, ಮಂಡಿಯೂರಿ ಪೂಜೆ ಮಾಡುವವರು, ಟೈಲ್ಸ್ ಕೆಲಸದವರು, ಗದ್ದೆಯಲ್ಲಿ ಕಳೆ ತೆಗೆಯುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಚಿಪ್ಪಿನ ಮೇಲಿನ ನಾರು, ಪಾದದ ಹೊರಬದಿಗೆ ಹೋಗುವ ಪೆರೋನಿಯಸ್ ನಾರು ಕೂಡ ಬಳಸುತ್ತಾರೆ. ಯಾವುದು ಮೇಲು ಅಂತ ಒಂದೇ ಉತ್ತರ ಇಲ್ಲ. ನಿಮ್ಮ ಆಟ, ನಿಮ್ಮ ಕೆಲಸ, ಆ ಡಾಕ್ಟರ ಕೈ ಯಾವುದರಲ್ಲಿ ಪಳಗಿದೆ, ಇಷ್ಟರ ಮೇಲೆ ನಿರ್ಧಾರ.

ಇನ್ನೂ ಕೇಳಬೇಕಾದ್ದು: ವರ್ಷಕ್ಕೆ ಇಂಥ ಆಪರೇಶನ್ ಎಷ್ಟು ಮಾಡುತ್ತೀರಿ? ಮೆನಿಸ್ಕಸ್ ಹರಿದಿದ್ದರೆ ಹೊಲಿಯುತ್ತೀರಾ, ಕತ್ತರಿಸಿ ತೆಗೆಯುತ್ತೀರಾ? ಹೊಲಿಯಲು ಸಾಧ್ಯವಿದ್ದರೆ ಹೊಲಿಯುವುದೇ ಮುಂದಿನ ಬದುಕಿಗೆ ಒಳ್ಳೆಯದು, ವಾಸಿಯಾಗಲು ಜಾಸ್ತಿ ದಿನ ಹಿಡಿದರೂ. ಸ್ಕ್ರೂ, ಗುಂಡಿಗೆ ಬೇರೆ ದುಡ್ಡೋ, ಪ್ಯಾಕೇಜ್‌ನಲ್ಲೇ ಸೇರಿದೆಯೋ? ಫಿಸಿಯೊಥೆರಪಿ ಎಲ್ಲಿ, ಎಷ್ಟು ದಿನ?

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಟ್ಟು 1.5 ಲಕ್ಷ ತನಕ. ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ. ನಿಮ್ಮ ಆಪರೇಶನ್ ಆ ಪಟ್ಟಿಯಲ್ಲಿ ಇದೆಯಾ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾ ಅಂತ ದಾಖಲಾಗುವ ಮೊದಲೇ ಕೇಳಿ. ಖಾಸಗಿಗೆ ಹೋಗಿ ಅಡ್ವಾನ್ಸ್ ಕಟ್ಟಿದ ಮೇಲೆ ಕೇಳಿದರೆ ತಡವಾಗುತ್ತದೆ. ಒಡವೆ ಅಡ ಇಟ್ಟು ಬಂದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೆಜ್ಜೆ 7: ಮೊದಲ ಎರಡು ವಾರ

ಕಾಲು ಪೂರ್ತಿ ನೇರ ಆಗುವುದೇ ಈ ದಿನಗಳ ಮೊದಲ ಕೆಲಸ. ಮಡಚುವುದು ನಿಧಾನಕ್ಕೆ ಬರುತ್ತದೆ. ನೇರ ಮಾಡುವುದು ಈಗ ತಪ್ಪಿದರೆ ಮುಂದೆ ಬಹಳ ಕಷ್ಟ, ನಡಿಗೆಯೇ ಕುಂಟಾಗುತ್ತದೆ. ಮನೆಯವರು ಪ್ರೀತಿಯಿಂದ ಮೊಣಕಾಲ ಕೆಳಗೆ ದಿಂಬು ಇಡುತ್ತಾರೆ. ಹಿತವಾಗಿರುತ್ತದೆ, ಆದರೆ ಅದೇ ತಪ್ಪು. ದಿಂಬು ಹಿಮ್ಮಡಿಯ ಕೆಳಗೆ ಇರಲಿ, ಮೊಣಕಾಲ ಕೆಳಗೆ ಖಾಲಿ ಇರಲಿ.

ವಾಕರ್ ಅಥವಾ ಊರುಗೋಲು ಹಿಡಿದು ನಡೆಯಬೇಕು. ಎಷ್ಟು ಭಾರ ಹಾಕಬೇಕು ಅನ್ನುವುದು ಆಪರೇಶನ್ ಮೇಲಿದೆ. ಮೆನಿಸ್ಕಸ್ ಹೊಲಿದಿದ್ದರೆ ಭಾರ ಹಾಕುವುದಕ್ಕೂ ಮಡಚುವುದಕ್ಕೂ ಮಿತಿ ಇರುತ್ತದೆ. ಪಕ್ಕದ ಹಾಸಿಗೆಯವನನ್ನು ನೋಡಿ ಮಾಡಬೇಡಿ, ನಿಮ್ಮ ಡಾಕ್ಟರ್ ಹೇಳಿದ್ದನ್ನು ಮಾಡಿ. ತೊಡೆ ಬಿಗಿಮಾಡುವುದು, ಕಾಲು ನೇರವಾಗಿಟ್ಟು ಮೇಲೆತ್ತುವುದು, ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮಡಚುವುದು, ಪಾದ ಮೇಲೆ ಕೆಳಗೆ ಆಡಿಸುವುದು ದಿನವೂ ಆಗಬೇಕು. ಮಿತಿ ಹೇಳಿಲ್ಲದಿದ್ದರೆ ಎರಡು ವಾರಕ್ಕೆ ಸುಮಾರು 90 ಡಿಗ್ರಿ, ಅಂದರೆ ಕುರ್ಚಿಯಲ್ಲಿ ಕೂತಷ್ಟು ಮಡಚಿದರೆ ಚೆನ್ನಾಗಿ ನಡೆದಿದೆ ಅಂತ ಅರ್ಥ.

ಜ್ವರ, ಗಾಯದಿಂದ ಕೀವು ಅಥವಾ ನೀರು, ದಿನದಿಂದ ದಿನಕ್ಕೆ ಏರುವ ನೋವು ಕಂಡರೆ ಅವತ್ತೇ ಆಸ್ಪತ್ರೆಗೆ. ಮೀನಖಂಡ ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108. ಗಾಯದ ಪಕ್ಕದ ಚರ್ಮ ಜೋಮು ಹಿಡಿದ ಹಾಗಿರುವುದಕ್ಕೆ ಹೆದರಬೇಡಿ, ಅದು ಬಹಳ ಜನಕ್ಕೆ ಆಗುತ್ತದೆ.

ಹೆಜ್ಜೆ 8: ಮನೆ, ಊರು, ಬಸ್ಸು

ನಮ್ಮ ಮನೆಗಳಲ್ಲಿ ಊಟ ನೆಲದ ಮೇಲೆ, ಪಾಯಿಖಾನೆ ಕುಕ್ಕರುಗಾಲಿನದು. ಎರಡೂ ಹೊಸ ಲಿಗಮೆಂಟಿಗೆ ಆಗದು. ಆಪರೇಶನ್‌ಗೆ ಮೊದಲೇ ತೂತಿನ ಕುರ್ಚಿ ತಂದಿಡಿ. ಮೆಡಿಕಲ್ ಅಂಗಡಿಯಲ್ಲಿ ಕಮೋಡ್ ಚೇರ್ ಅಂತ ಸಿಗುತ್ತದೆ, ಎಷ್ಟೋ ಕಡೆ ಬಾಡಿಗೆಗೂ ಸಿಗುತ್ತದೆ. ಚಕ್ಕಳಮಕ್ಕಳ ಹಾಕುವುದು, ಕುಕ್ಕರುಗಾಲಲ್ಲಿ ಕೂರುವುದು ಡಾಕ್ಟರ್ ಒಪ್ಪುವ ತನಕ ಬೇಡ. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಬೈಕ್ ಹೊಡೆಯುವುದು ಕನಿಷ್ಠ ಆರು ವಾರ ಬೇಡ, ಆಮೇಲೂ ಕೇಳಿಯೇ ಹತ್ತಿ. ಕಿಕ್ ಹೊಡೆಯುವಾಗ, ಸಿಗ್ನಲ್‌ನಲ್ಲಿ ಕಾಲು ಊರಿ ಗಾಡಿಯ ಭಾರ ತಡೆಯುವಾಗ ಮೊಣಕಾಲು ತಿರುಚುತ್ತದೆ. ಬಸ್ಸಿನಲ್ಲಿ ಹೋಗುವುದಾದರೆ ಕಾಲು ಚಾಚಲು ಜಾಗವಿರುವ ಸೀಟು ಹಿಡಿಯಿರಿ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಶನ್ ಆದ ಕಾಲು ಮೊದಲು. ಮೆಟ್ಟಿಲಿಗೂ ಇದೇ ಲೆಕ್ಕ.

ಹರಕೆ ಹೊತ್ತವರು ಅಂಜನಾದ್ರಿಯ 575 ಮೆಟ್ಟಿಲ ವಿಷಯ ಕೇಳುತ್ತಾರೆ. ಹತ್ತುವುದಕ್ಕಿಂತ ಇಳಿಯುವುದು ಮೊಣಕಾಲಿಗೆ ಜಾಸ್ತಿ ಭಾರ. ಆಂಜನೇಯ ಒಂದು ವರ್ಷ ಕಾಯುತ್ತಾನೆ.

ಆಹಾರದಲ್ಲಿ ಪಥ್ಯ ಅಂತ ಹಾಲು, ಮೊಟ್ಟೆ, ಬೇಳೆ ಬಿಡಿಸುವವರಿದ್ದಾರೆ. ಉಲ್ಟಾ ಮಾಡಿ. ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ಜೋಳದ ರೊಟ್ಟಿಯ ಜೊತೆ ಹೆಸರುಕಾಳು, ಮಡಕಿಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ತಿನ್ನುವವರಾದರೆ ಮೊಟ್ಟೆ.

ಹೆಜ್ಜೆ 9: ಮೂರು ನಾಲ್ಕನೇ ತಿಂಗಳು, ಎರಡನೇ ಮೋಸ

ಹೊಸ ಗ್ರಾಫ್ಟ್ ಹಾಕಿದ ದಿನ ಗಟ್ಟಿಯಾಗಿರುತ್ತದೆ. ಆಮೇಲೆ ಅದಕ್ಕೆ ರಕ್ತನಾಳಗಳು ಬೆಳೆದು, ಒಳಗಿನ ಜೀವಕೋಶಗಳು ಬದಲಾಗಿ ಅದು ಲಿಗಮೆಂಟ್ ಆಗಬೇಕು. ಈ ಬದಲಾವಣೆಯ ನಡುವೆ, ಸುಮಾರು ಆರನೇ ವಾರದಿಂದ ಮೂರನೇ ತಿಂಗಳವರೆಗೆ, ಅದು ತೀರಾ ಸೊರಗಿರುತ್ತದೆ. ಆಮೇಲೆ ನಿಧಾನಕ್ಕೆ ಬಲ ಕಟ್ಟಿಕೊಳ್ಳುತ್ತದೆ. ನೋವು ಹೋಗುವುದೂ, ಬಾವು ಇಳಿಯುವುದೂ, ಕುಂಟದೆ ನಡೆಯುವುದೂ ಇದೇ ಹೊತ್ತಿಗೆ. ಹುಡುಗರಿಗೆ ಅಂಗಳ ಕರೆಯುತ್ತದೆ.

ನಮ್ಮ ಹುಡುಗನೂ ನಾಲ್ಕನೇ ತಿಂಗಳಿಗೆ ಬಂದ. "ಸರ, ಏನೂ ನೋವಿಲ್ರಿ, ಓಡ್ತೀನ್ರಿ." ಈ ಸಲ ನಾನು ಮಾತಿಗೆ ಮಾತು ಕೊಡಲಿಲ್ಲ. ದರ್ಜಿ ಟೇಪು ತಂದೆ. ಎರಡು ಕಾಲಿನ ಚಿಪ್ಪಿನ ಮೇಲಿಂದ 15 ಸೆಂಟಿಮೀಟರ್ ಅಳೆದು ಪೆನ್ನಿನಿಂದ ಗುರುತು ಹಾಕಿ, ಅಲ್ಲಿ ತೊಡೆಯ ಸುತ್ತಳತೆ ತೆಗೆದೆ. ಆಪರೇಶನ್ ಆದ ತೊಡೆ ಮೂರು ಸೆಂಟಿಮೀಟರ್ ಸಣ್ಣ. ಟೇಪು ಅವನ ಕೈಯಲ್ಲೇ ಕೊಟ್ಟೆ. ಎರಡು ಸಲ ಅವನೇ ಅಳೆದು ನೋಡಿದ. ಆಮೇಲೆ ಓಟದ ಮಾತೆತ್ತಲಿಲ್ಲ.

ನೀವೂ ಹೀಗೆ ತಿಂಗಳಿಗೊಮ್ಮೆ ಅಳೆದು ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಸುತ್ತಳತೆ ಬಲದ ಪೂರ್ತಿ ಲೆಕ್ಕವಲ್ಲ, ಆದರೆ ಮನೆಯಲ್ಲೇ ಕಣ್ಣಿಗೆ ಕಾಣುವ ಗುರುತು.

ಈ ತಿಂಗಳುಗಳಲ್ಲಿ ನಿಂತಲ್ಲೇ ತುಳಿಯುವ ಸೈಕಲ್, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ಮೆಟ್ಟಿಲು ಹತ್ತಿಳಿಯುವುದು, ಒಂದೇ ಕಾಲ ಮೇಲೆ ನಿಂತು ಸಮತೋಲ, ಆಮೇಲೆ ಭಾರ ಎತ್ತುವುದು. ಕುರ್ಚಿಯಲ್ಲಿ ಕೂತು ಪಾದಕ್ಕೆ ಮರಳಿನ ಚೀಲ ಕಟ್ಟಿ ಕಾಲು ಒದೆಯುವ ವ್ಯಾಯಾಮವನ್ನು ಫಿಸಿಯೊಥೆರಪಿಸ್ಟ್ ಹೇಳದೆ ಶುರುಮಾಡಬೇಡಿ, ಬೇಗ ಮಾಡಿದರೆ ಗ್ರಾಫ್ಟನ್ನು ಎಳೆಯುತ್ತದೆ. ನೇರ ಓಟ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳ ಮೇಲೆ, ಅದೂ ಬಾವು ಇಲ್ಲದಿದ್ದರೆ, ತೊಡೆಗೆ ಸಾಕಷ್ಟು ಬಲ ಬಂದಿದ್ದರೆ. ಸಮತಟ್ಟಾದ ನೆಲದಲ್ಲಿ ಓಡಿ. ಬಿರುಕು ಬಿಟ್ಟ ಎರೆ ಹೊಲದಲ್ಲಿ ಬೇಡ.

ಹೆಜ್ಜೆ 10: ಮತ್ತೆ ಅಂಗಳಕ್ಕೆ

ಒಂಬತ್ತು ತಿಂಗಳು. ಅದಕ್ಕಿಂತ ಮೊದಲು ತಿರುಗಿ ಓಡುವ, ನೆಗೆಯುವ, ಹಿಡಿದೆಳೆಯುವ ಆಟ ಬೇಡ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತನೇ ತಿಂಗಳವರೆಗೆ ಆಟವನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಮುಂದಿನ ತಿಂಗಳು ಟೂರ್ನಮೆಂಟ್ ಇದೆ ಅಂತ ಒತ್ತಾಯ ಮಾಡುವ ತಂಡದವರಿಗೆ ಈ ಮಾತು ಹೇಳಿ.

ತಿಂಗಳು ತುಂಬಿದರೆ ಸಾಲದು. ಆಪರೇಶನ್ ಆದ ಕಾಲಿನ ಬಲ ಒಳ್ಳೆ ಕಾಲಿನ ಶೇ 90ಕ್ಕಾದರೂ ಬಂದಿರಬೇಕು. ಫಿಸಿಯೊಥೆರಪಿಸ್ಟ್ ಯಂತ್ರದಲ್ಲಿ ಅಳೆಯಬಹುದು. ಅದರ ಜೊತೆಗೆ ಕುಪ್ಪಳಿಸುವ ಪರೀಕ್ಷೆ. ಶಾಲೆಯ ವರಾಂಡದಲ್ಲಿ ಸೀಮೆಸುಣ್ಣದ ಗೆರೆ ಹಾಕಿ. ಒಂದು ಕಾಲ ಮೇಲೆ ನಿಂತು ಎಷ್ಟು ದೂರ ಆಗುತ್ತದೋ ಅಷ್ಟು ಕುಪ್ಪಳಿಸಿ ಅದೇ ಕಾಲ ಮೇಲೆ ಅಲುಗಾಡದೆ ನಿಲ್ಲಬೇಕು. ಒಳ್ಳೆ ಕಾಲಲ್ಲಿ 150 ಸೆಂಟಿಮೀಟರ್ ಬಂದರೆ ಇನ್ನೊಂದರಲ್ಲಿ 135 ಬರಬೇಕು. ಫಿಸಿಯೊಥೆರಪಿಸ್ಟ್ ಒಪ್ಪಿದ ಮೇಲೆಯೇ ಈ ಪರೀಕ್ಷೆ, ಮತ್ತೆ ದೂರದ ಜೊತೆಗೆ ಇಳಿಯುವ ರೀತಿಯನ್ನೂ ನೋಡಿ. ಮೊಣಕಾಲು ಒಳಕ್ಕೆ ವಾಲಿದರೆ ಇನ್ನೂ ತಯಾರಿಲ್ಲ. ಮೊಬೈಲ್‌ನಲ್ಲಿ ಎದುರಿನಿಂದ ವಿಡಿಯೊ ತೆಗೆದರೆ ಸ್ಪಷ್ಟವಾಗಿ ಕಾಣುತ್ತದೆ.

ಮನಸ್ಸಿನ ಭಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಲ ಬಂದ ಮೇಲೂ ತಿರುಗಲು ಹೆದರುವ ಮಕ್ಕಳಿದ್ದಾರೆ. ಬೈಯಬೇಡಿ. ಕುಸ್ತಿಪಟು ವಿನೇಶ್ ಫೋಗಾಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಸ್ಟ್ರೆಚರ್ ಮೇಲೆ ಹೊರಗೆ ಬಂದರು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ನಡುವೆ ಎರಡು ವರ್ಷ ಇತ್ತು. ಇದನ್ನು ನಾನು ಹುಡುಗಿಯರಿಗೆ ತಪ್ಪದೆ ಹೇಳುತ್ತೇನೆ.

ಮೊದಲು ಒಬ್ಬನೇ ತಿರುಗಿ ಓಡುವುದು, ಆಮೇಲೆ ಮುಟ್ಟದೆ ಆಡುವ ಅಭ್ಯಾಸ, ಆಮೇಲೆ ಹಿಡಿತದ ಅಭ್ಯಾಸ, ಕೊನೆಗೆ ಪಂದ್ಯದಲ್ಲಿ ಹತ್ತು ನಿಮಿಷ. ಪ್ರತಿ ಹಂತದ ಮರುದಿನ ಮೊಣಕಾಲು ಊದಿದೆಯಾ ನೋಡಿ. ಊದಿದರೆ ಒಂದು ಹಂತ ಹಿಂದಕ್ಕೆ.

25 ವರ್ಷದೊಳಗಿನವರು ಇಂಥ ಆಟಗಳಿಗೆ ಮರಳಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮತ್ತೆ ಎಸಿಎಲ್ ಹರಿಯುತ್ತದೆ. ಅದೇ ಕಾಲಿನದು, ಇಲ್ಲವೇ ಇನ್ನೊಂದು ಕಾಲಿನದು. ಹಾಗಾಗಿ ಆಟ ಶುರುವಾದ ಮೇಲೂ ವಾರಕ್ಕೆ ಎರಡು ಮೂರು ದಿನ ತೊಡೆ, ಸೊಂಟದ ವ್ಯಾಯಾಮ ಎರಡೂ ಕಾಲಿಗೆ ನಡೆಯಲೇಬೇಕು. ಆಟಕ್ಕೂ ಮೊದಲು 15–20 ನಿಮಿಷ ಓಟ, ಅರ್ಧ ಬೈಠಕ್, ನೆಗೆದು ಮೆತ್ತಗೆ ಇಳಿಯುವುದು. ನಮ್ಮ ಶಾಲೆಯಲ್ಲಿ ಈಗ ಇದಾಗದೆ ಚೆಂಡು ಹೊರಗೆ ಬರುವುದಿಲ್ಲ. ಸಂಜೆ ಇದನ್ನು ಮಾಡಿಸುವವನು ಅದೇ ಹುಡುಗ. ಸಾಲಿನ ಎದುರು ನಿಂತು ಒಬ್ಬೊಬ್ಬರ ಮೊಣಕಾಲನ್ನೇ ನೋಡುತ್ತಾನೆ. ಯಾರದಾದರೂ ಒಳಕ್ಕೆ ವಾಲಿದರೆ, "ಇನ್ನೊಮ್ಮಿ ನೆಗಿ ತಮ್ಮಾ" ಅನ್ನುತ್ತಾನೆ.